ಹಿಪ್ಪುನೇರಳೆಯದೇನೂ ತಪ್ಪಿರಲಿಲ್ಲ

ಪಶುವೈದ್ಯರ ಕೋಣೆಯ ಹೊರಗೆ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದರ್ಜಿಗೆ, ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ಕೈಯಲ್ಲಿ ಸತ್ತ ಹೆಣ್ಣು ಕುದುರೆಯ ಪರೀಕ್ಷೆಯ ವರದಿಯಿತ್ತು.

“ಏನಂತೆ?” ಅಕ್ಕ ಕೇಳಿದಳು.

“ಹೊಟ್ಟೇಲಿ ಕಣಗಿಲೆ ಎಲೆ ಸಿಕ್ತಂತೆ.”

“ನಾನು ನೆಟ್ಟ ಹಿಪ್ಪುನೇರಳೆ?”

“ಅದ್ರಲ್ಲಿ ವಿಷವೇ ಇಲ್ವಂತೆ ಅಕ್ಕಾ.”

“ಅದನ್ನೇ ಅಲ್ವೇನೋ ನಾನು ಬಡ್ಕೊಂಡಿದ್ದು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದೆ.”

“ತಲೆ ಕೆಟ್ಟಿತ್ತು. ಕುದುರೆ ಮೇಯೋ ಜಾಗದಲ್ಲಿದ್ದ ಮರ ಅದೊಂದೇ, ಅದ್ರಿಂದ್ಲೇ ಸತ್ತಿದ್ದು ಅಂದ್ಕೊಂಡೆ. ಕಡಿಸಿಬಿಟ್ಟೆ.”

“ಬೇಲಿಗೆ ಕಣಗಿಲೆ ಹಾಕ್ದೋರು ಯಾರು?”

“ನಾನೇ. ಹಸಿ ಎಲೆ ಕಹಿ ಅಂತ ಕುದುರೆ ಮುಟ್ತಿರ್ಲಿಲ್ಲ. ಸವರಿದ ಕೊಂಬೆಗಳನ್ನ ಬೇಲಿ ಒಳಗೇ ಒಣಗೋಕೆ ಬಿಟ್ಟಿದ್ದೆ. ಒಣಗಿದ್ರೆ ಕಹಿ ಹೋಗುತ್ತಂತೆ, ವಿಷ ಮಾತ್ರ ಹೋಗಲ್ವಂತೆ.”



“ಕುದುರೆಮರಿ ಎಲ್ಲಿದೆ?”

“ಲಾಯದಲ್ಲಿ ಕಟ್ಟಿದೀನಿ. ಬಿಟ್ರೆ ಆ ಮರದ ಬುಡದ ಹತ್ರಾನೇ ಹೋಗಿ ಬಿಸಿಲಲ್ಲಿ ನಿಲ್ಲುತ್ತೆ. ತಾಯಿ ಜೊತೆ ಅಲ್ಲೇ ನಿಲ್ತಿತ್ತಲ್ಲ.”

“ಬೇಲಿ?”

“ಹಾಗೇ ಇದೆ. ಡಾಕ್ಟ್ರಿಗೆ ಕಣಗಿಲೆ ಮೇಲೆ ಅನುಮಾನ ಇತ್ತು. ಆದ್ರೂ ವರದಿ ಬರ್ಲಿ ಅಂತ ಕಾದೆ.”

“ಮರ ಕಡಿಸೋವಾಗ ಕಾಯ್ಲಿಲ್ವಲ್ಲೋ.”

ತಮ್ಮ ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಕ್ಕ ಎದ್ದು ನಿಂತಳು.

“ನಡಿ. ಬೇಲಿನ ಬೇರುಸಮೇತ ಕೀಳೋಣ, ಒಂದೆಲೆ ಉಳೀಬಾರ್ದು. ಆಮೇಲೆ ಒಂದು ಹಿಪ್ಪುನೇರಳೆ ಸಸಿ ತಂದ್ಕೊಡ್ತೀನಿ, ನೀನೇ ನೆಡು.”

“ಅದು ನೆರಳು ಕೊಡೋ ಹೊತ್ತಿಗೆ ಮರಿಗೇ ಮರಿ ಆಗಿರುತ್ತೆ ಅಕ್ಕಾ.”

“ಆಗ್ಲಿ. ಅದಕ್ಕಾದ್ರೂ ನೆರಳಿರ್ಲಿ,” ಎಂದಳು ಅಕ್ಕ. ತಮ್ಮ ತಲೆತಗ್ಗಿಸಿ ಅವಳ ಹಿಂದೆಯೇ ಹೊರಟ.