ಪ್ರಭಾವತಿ ಮೇಡಂ ಹೇಳದೆ ಬಿಟ್ಟ ಅರ್ಧ ಗಂಟೆ

ಪ್ರಭಾವತಿ ಮೇಡಂ ಅವರ ಯಜಮಾನರಾದ ಅನಂತಪದ್ಮನಾಭ ರಾಯರೇ, ಮಗಳು ವಿಭಾ, ಉದ್ಯಾವರದ ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಿರಿಯರೇ, ಸ್ನೇಹಿತರೇ — ಎಲ್ಲರಿಗೂ ನಮಸ್ಕಾರ. ನಾನು ಲಿಯೋನೆಲ್, ಆರೋಗ್ಯ ನಿರೀಕ್ಷಕ. ನಮ್ಮ ಆಸ್ಪತ್ರೆಯ ಆಪ್ತಸಮಾಲೋಚಕಿ ಪ್ರಭಾವತಿ ಮೇಡಂ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು. ಕ್ಯಾನ್ಸರ್ ಅವರಿಗೆ ನಾಲ್ಕೇ ತಿಂಗಳು ಕೊಟ್ಟಿತು. ಅವರ ಗುಣ ಹೇಳುವವರು ಇಲ್ಲಿ ತುಂಬ ಜನ ಇದ್ದೀರಿ. ನನಗೆ — ಒಂದು ತಪ್ಪು ಒಪ್ಪಿಕೊಳ್ಳಲಿಕ್ಕುಂಟು.

ಕಾರ್ಕಳ ಕಡೆಯ ಒಂದು ಪಿಯು ಕಾಲೇಜು. ಮೇಡಂ ಆರೋಗ್ಯದ ಪಾಠಕ್ಕೆ ಹೋಗಿದ್ದರು. ಮಕ್ಕಳು ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುವ ಪದ್ಧತಿ. ಒಂದು ಚೀಟಿ ಬಂತು — "ಕಾಂಡೋಮನ್ನು ನಂಬಬಹುದಾ ಮೇಡಂ?" ಕ್ಲಾಸಿಡೀ ನಗು. ಮೇಡಂ ನಗಲಿಲ್ಲ. ಗದರಲೂ ಇಲ್ಲ.

"ಅವಸರ ಬೇಡ ಮಕ್ಕಳೇ, ಬೇಡ ಎನ್ನುವ ಹಕ್ಕು ಎಲ್ಲರಿಗೂ ಉಂಟು. ಆದರೆ ತಿಳಿದಿರಬೇಕು. ಸರಿಯಾಗಿ ಬಳಸಿದರೆ ನಂಬಬಹುದು, ಪೂರ್ತಿ ನೂರಕ್ಕೆ ನೂರಲ್ಲ. ದಿನಾಂಕ ನೋಡಬೇಕು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಆಗುವುದಿಲ್ಲ. ಹಲ್ಲಿನಲ್ಲಿ ಕಚ್ಚಿ ತೆರೆಯಬಾರದು. ತೆಂಗಿನೆಣ್ಣೆ ತಾಗಿದರೆ ರಬ್ಬರ್ ಹರಿಯುತ್ತದೆ. ಹರಿದರೆ ಹೆದರಿ ಕೂರಬೇಡಿ, ಮಾರನೆಯ ದಿನವೇ ನನ್ನ ಹತ್ತಿರ ಬನ್ನಿ. ಬಸಿರಾಗದಂತೆ ತಡೆಯುವ ಮಾತ್ರೆ ಉಂಟು. ತಡವಾದರೆ ಅದು ಕೆಲಸ ಮಾಡುವುದಿಲ್ಲ."

ಆ ವಾರವೇ ಪೋಷಕರು ಬಂದರು. "ಎಂತ ಕಲಿಸ್ತೀರಿ ನೀವು? ಮಕ್ಕಳನ್ನು ಹಾಳು ಮಾಡಲಿಕ್ಕಾ?" ಕಾರ್ಯಕ್ರಮಕ್ಕೆ ಸಹಿ ಹಾಕುವವನು ನಾನು. ಹೆದರಿದೆ. "ಆ ಅರ್ಧ ಗಂಟೆ ಬಿಟ್ಟುಬಿಡಿ ಮೇಡಂ," ಎಂದೆ. "ಕೈ ತೊಳೆಯುವುದು ಹೇಳಿ, ಸಾಕು."

ಅವರು ವಾದ ಮಾಡಲಿಲ್ಲ. ಮರುವರ್ಷ ಅದೇ ಕಾಲೇಜಿನಲ್ಲಿ ಕೈ ತೊಳೆಯುವುದನ್ನು ಹೇಳಿ ಬಂದರು.

ಎರಡು ವರ್ಷದ ಮೇಲೆ ನಮ್ಮಲ್ಲಿಗೆ ಒಬ್ಬ ಹುಡುಗಿಯನ್ನು ತಂದರು. ಹದಿನೆಂಟು ದಾಟಿದ್ದಳು, ಡಿಗ್ರಿ ಮೊದಲನೆಯ ವರ್ಷ. ಹೆಸರು ಹೇಳುವುದಿಲ್ಲ. ಕಾಂಡೋಮಿಗೆ ಎಣ್ಣೆ ಹಚ್ಚಿದ್ದರು, ಹರಿದಿತ್ತು. ಬಸಿರಾಗಿ, ಯಾರನ್ನು ಕೇಳುವುದೆಂದು ತಿಳಿಯದೆ ಮೂರು ತಿಂಗಳು ಸುಮ್ಮನಿದ್ದಳು. ಕೊನೆಗೆ ಬಸಿರು ತೆಗೆಯಲಿಕ್ಕೆಂದು ಯಾರೋ ಕೊಟ್ಟ ಮಾತ್ರೆ ನುಂಗಿದ್ದಳು — ರಕ್ತ ನಿಲ್ಲಲಿಲ್ಲ. ಮೇಡಂ ಅವಳ ಕೈ ಹಿಡಿದು ಕೂತಿದ್ದರು. ನಾನು ಬಾಗಿಲಲ್ಲಿದ್ದೆ. ಅವಳು ಹೇಳಿದಳು — "ಮೇಡಂ, ನೀವು ನಮ್ಮ ಕಾಲೇಜಿಗೆ ಬಂದಿದ್ರಿ. ಕೈ ತೊಳೆಯುವುದು ಹೇಳಿದ್ರಿ, ಅಲ್ವಾ?"

ಮಧ್ಯಾಹ್ನದೊಳಗೆ ತೀರಿಕೊಂಡಳು.

ಮೇಡಂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುವಾರ ಪೆರ್ಡೂರಿನ ಕಾಲೇಜಿಗೆ ಹೊರಟು ನಿಂತರು. "ಇವತ್ತು ಪೂರ್ತಿ ಹೇಳ್ತೇನೆ ಲಿಯೋನೆಲ್. ಸಹಿ ಹಾಕುವುದಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ." ಹಾಕಿದೆ. ಕಾಯಿಲೆ ಬೀಳುವವರೆಗೂ ಅವರು ಪೂರ್ತಿ ಹೇಳಿದರು. ದೂರುಗಳು ಬಂದವು, ಬರಲಿ ಎಂದೆವು.

ಇನ್ನು ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಒಂದು ನಿಮಿಷ ಮೌನ — ಪ್ರಭಾವತಿ ಮೇಡಂಗೆ. ಮತ್ತೆ — ಆ ಹುಡುಗಿಗೂ. ಅವಳಿಗಾಗಿ ಎಲ್ಲಿಯೂ ಒಂದು ಸಭೆ ಆಗಲಿಲ್ಲ.