ತೊಳೆದ ದಾರಿಯ ಪಾಚಿ

ಒಂದೂರಲ್ಲಿ ಒಬ್ಬ ಅನುಕೂಲಸ್ಥ ಇದ್ದ. ಅವನಿಗೆ ನಾನು ಹೆಸರಿಡುವುದಿಲ್ಲ. ಇಟ್ಟರೆ ಆ ಹೆಸರಿನವರು ಯಾರಾದರೂ ಇಲ್ಲಿ ಕೂತಿರುತ್ತಾರೆ, ನೀವೆಲ್ಲ ಅವರ ಕಡೆ ತಿರುಗಿ ನೋಡುತ್ತೀರಿ, ಕಥೆ ನಿಮ್ಮ ಕೈತಪ್ಪಿ ಹೋಗುತ್ತದೆ.

ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರನ್ನೂ ಗದರಿದವನಲ್ಲ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಅವನ ಮನೆಯ ಹಿಂದೆ ಹೂದೋಟ. ತೋಟದ ತುದಿಯಲ್ಲಿ, ಬೇಲಿಗೆ ಹೊಂದಿಕೊಂಡಂತೆ, ದೇವಿಯ ಒಂದು ಪುಟ್ಟ ಗುಡಿ. ಮನೆಗಿಂತ ಗುಡಿ ಹಳೆಯದು. ಮನೆಯಿಂದ ಗುಡಿಯವರೆಗೆ ಚಪ್ಪಡಿ ಕಲ್ಲು ಹಾಸಿದ ದಾರಿ, ಮೇಲೆ ಹೊಂಗೆ ಮರಗಳ ನೆರಳು. ಹಿಂದಿನ ಕೇರಿಯವರು ಮನೆಯ ಪಕ್ಕದ ಸಣ್ಣ ಬಾಗಿಲಿಂದ ಒಳಗೆ ಬಂದು, ಆ ದಾರಿಯಲ್ಲೇ ನಡೆದು ದೇವಿಗೆ ಕೈಮುಗಿದು ಹೋಗುತ್ತಿದ್ದರು. ಅಪ್ಪನ ಕಾಲದಿಂದ ನಡೆದು ಬಂದದ್ದು. ಇವನೂ ಆ ಬಾಗಿಲಿಗೆ ಚಿಲಕ ಹಾಕಿದವನಲ್ಲ.

ಕೇರಿಯವರಲ್ಲಿ ಪುಟ್ಟನಂಜಿ ಎಂಬ ಹೆಂಗಸೊಬ್ಬಳಿದ್ದಳು. ಈ ಮನೆಯ ಯಜಮಾನಿಯ ಬಾಣಂತನಗಳಿಗೆಲ್ಲ ಒಲೆಯ ಮುಂದೆ ಕೂತು ನೀರು ಕಾಯಿಸಿಕೊಟ್ಟವಳು. ಸಂಜೆಯಾದರೆ ಮಡಿಲಲ್ಲಿ ಹೂ ತುಂಬಿಕೊಂಡು ಬರುವಳು. ಯಜಮಾನಿ ದೀಪದ ತಟ್ಟೆ ಹಿಡಿದು ಮುಂದೆ, ಇವಳು ಹೂ ಹಿಡಿದು ಹಿಂದೆ. ದಾರಿಯುದ್ದಕ್ಕೂ ಇಬ್ಬರ ಮಾತು, ಇಬ್ಬರ ನಗು. ದೇವಿ ಆ ದೀಪಕ್ಕೆ ಎಷ್ಟು ಕಾಯುತ್ತಿದ್ದಳೋ, ಆ ನಗುವಿಗೂ ಅಷ್ಟೇ ಕಾಯುತ್ತಿದ್ದಳು ಎಂದು ನನಗನ್ನಿಸುತ್ತದೆ.

ಈಗ ನಮ್ಮ ಯಜಮಾನನ ವಿಷಯ. ಅವನಿಗೆ ಮಡಿ ಎಂದರೆ ಪ್ರಾಣ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ದೇವಿಯ ಅಭಿಷೇಕಕ್ಕೆ ತಾನೇ ನೀರು ಒಯ್ಯಬೇಕು. ಆದರೆ ದಾರಿಯಲ್ಲಿ ಯಾರು ಯಾರೋ ನಡೆದಿದ್ದಾರಲ್ಲ. ಅದಕ್ಕೆ ಅವನು ಮೊದಲು ಒಂದು ಬಿಂದಿಗೆ ನೀರನ್ನು ಕಲ್ಲುಕಲ್ಲಿಗೂ ಸುರಿದು ದಾರಿ ಶುದ್ಧಮಾಡುವನು, ಆಮೇಲೆ ದೇವಿಯ ಬಿಂದಿಗೆ ಎತ್ತುವನು. ಸಂಜೆಯೂ ಹೀಗೆಯೇ, ಕೇರಿಯವರು ಹೋದ ಮೇಲೆ ಇನ್ನೊಂದು ಸಲ. ಒಬ್ಬರಿಗೂ ಒಂದು ಮಾತು ಆಡುತ್ತಿರಲಿಲ್ಲ. ಅವರ ಬೆನ್ನು ಮರೆಯಾಗುವವರೆಗೆ ಕಾದು ಸುರಿಯುತ್ತಿದ್ದ. ಅವರ ಮನಸ್ಸಿಗೆ ನೋವಾಗಬಾರದು ನೋಡಿ, ಅಷ್ಟು ಸೂಕ್ಷ್ಮದವನು.

ದಿನ ಕಳೆದಂತೆ ಕೇರಿಯವರು ಬರುವುದು ಕಡಿಮೆಯಾಯಿತು. ಪುಟ್ಟನಂಜಿಯೂ ಬರಲಿಲ್ಲ. ಅವರವರ ಮನೆಯ ತಾಪತ್ರಯ ಅವರಿಗೆ ಎಂದುಕೊಂಡ ಇವನು. ಬಿಂದಿಗೆಯ ನೀರು ಮಾತ್ರ ನಿಲ್ಲಲಿಲ್ಲ. ಅಭ್ಯಾಸವಾಗಿ ಹೋಗಿತ್ತು. ಕಲ್ಲಿನ ಸಂದಿಯಲ್ಲಿ ಹಸಿರು ಕಾಣಿಸಿತು. ಸಂದಿಯಿಂದ ಕಲ್ಲಿಗೇರಿತು. ನೋಡಲು ಚೆಂದ, ರೇಷ್ಮೆ ಹಾಸಿದ ಹಾಗೆ. ಆ ರೇಷ್ಮೆಯ ಮೇಲೆ ಒಂದು ಸಂಜೆ ಒಬ್ಬಳೇ ದೀಪ ಹಿಡಿದು ಹೊರಟ ಯಜಮಾನಿ ಜಾರಿ ಬಿದ್ದಳು. ಸೊಂಟದ ಮೂಳೆ ಬಿರುಕು ಬಿಟ್ಟಿತು.

ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ನಿಧಾನವಾಗಿ ನಡೆಯಲಿ, ಆದರೆ ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದಿದ್ದರು ಡಾಕ್ಟರು. ಹಿಂದಿನ ಜಗಲಿಯಲ್ಲಿ ಅವಳಿಗೊಂದು ಕುರ್ಚಿ ಹಾಕಿದರು. ಅಲ್ಲಿಂದ ಗುಡಿ ಕಾಣುತ್ತದೆ. ಅವಳು ಏನನ್ನೂ ಬೇಡಿದವಳಲ್ಲ. ಒಂದೇ ಮಾತು ಕೇಳಿದಳು.

"ದೇವಿಗೆ ನನ್ನ ಕೈಯಾರೆ ದೀಪ ಹಚ್ಚೋ ಹಾಗೆ ಮಾಡಿ. ಅಷ್ಟೇ ಸಾಕು ನನಗೆ."

"ಮಾಡ್ತೀನಿ ಕಣೇ. ಆ ದಾರೀಲಿ ನೀನು ನಡೆಯೋ ಹಾಗೆ ಮಾಡೇ ಮಾಡ್ತೀನಿ," ಎಂದ.

ಮಾಡಹೊರಟ. ಆಳುಗಳನ್ನು ಕರೆಸಿ ತೆಂಗಿನ ನಾರಿನಿಂದ ಉಜ್ಜಿಸಿದ. ಪಾಚಿ ಹೋಯಿತು, ಮತ್ತೆ ಬಂತು. ಸುಣ್ಣ ಚೆಲ್ಲಿಸಿದ. ಹೋಯಿತು, ಬಂತು. ಬ್ಲೀಚಿಂಗ್ ಪೌಡರ್ ತರಿಸಿ ಹಾಕಿಸಿದ. ಪಕ್ಕದ ಮಲ್ಲಿಗೆ ಗಿಡ ಒಣಗಿತು, ಪಾಚಿ ಬಂತು. ಪ್ರತಿ ಸಲವೂ ಆಳುಗಳು ಉಜ್ಜಿ ಹೋದ ಮೇಲೆ ಏನು ಮಾಡುತ್ತಿದ್ದ ಹೇಳಿ? ಅಷ್ಟು ಜನ ಓಡಾಡಿದ್ದಾರಲ್ಲ ಎಂದು ಎಂದಿಗಿಂತ ಹೆಚ್ಚು ನೀರು ಸುರಿಯುತ್ತಿದ್ದ. ನಗುತ್ತೀರಿ. ನಗಿ. ಅವನಿಗೆ ಕಾಣಲಿಲ್ಲ. ಬಿಂದಿಗೆ ಅವನ ಕೈಯಲ್ಲೇ ಇತ್ತು, ಅದಕ್ಕೇ ಕಾಣಲಿಲ್ಲ.

ಅವಳು ಬಿದ್ದಂದಿನಿಂದ ಸಂಜೆಯ ದೀಪವನ್ನು ಅವನೇ ಹಚ್ಚುತ್ತಿದ್ದ. ಗೋಡೆ ಹಿಡಿದು, ಗಿಡ ಹಿಡಿದು ಹೋಗಿಬರುತ್ತಿದ್ದ. ಒಂದು ಸಂಜೆ ಬಂದೊಡನೆ ಅವಳ ಪ್ರಶ್ನೆ.

"ಬತ್ತಿ ಸ್ವಲ್ಪ ಮುಂದಕ್ಕೆ ಎಳೆದ್ರಾ?"

"ಎಳೆದೆ."

"ಎಳೆದಿಲ್ಲ. ಇಲ್ಲಿಗೆ ಕಾಣ್ತಿದೆ, ಹೊಗೆ ಬರ್ತಿದೆ."

"ದೇವೀನೇ ಸುಮ್ಮನಿದಾಳೆ, ನಿಂದೇನೇ ತಕರಾರು?"

"ಅವಳಿಗೇನು, ನಿಮ್ಮ ಜೊತೆ ಸಂಸಾರ ಮಾಡಿದಾಳಾ?"

ಅವನು ನಕ್ಕು ಅವಳ ಕಾಲ ಬಳಿ ಮೆಟ್ಟಿಲ ಮೇಲೆ ಕೂತ. ಬೇಲಿಯ ಆಚೆ ಮೂರು ನಾಲ್ಕು ತಲೆಗಳು ಕಂಡವು. ಕೇರಿಯ ಹೆಂಗಸರು. ಬೇಲಿಯ ಸಂದಿಯಿಂದ ಗುಡಿಯ ಕಡೆ ನೋಡಿ ಕೈಮುಗಿದು, ಸದ್ದಿಲ್ಲದೆ ಹೊರಟುಹೋದರು.

"ಇದೇನು, ಆಚೆ ನಿಂತು ಕೈ ಮುಗೀತಾರೆ? ಬಾಗಿಲು ತೆಗೆದೇ ಇದೆಯಲ್ಲ. ಪಾಚಿಗೆ ಹೆದರಿಕೊಂಡ್ರೇನೋ ಪಾಪ," ಎಂದ.

ಅವಳು ಬೇಲಿಯ ಕಡೆ ನೋಡಿದಳು. ಆಮೇಲೆ ಮೆತ್ತಗೆ ಹೇಳಿದಳು.

"ಪುಟ್ಟನಂಜಿ ಬರೋದು ಬಿಟ್ಟಾಗ ಪಾಚಿ ಇರ್ಲಿಲ್ಲ."

"ಮತ್ತೆ?"

"ಅವತ್ತು ಹೂವಿನ ಬುಟ್ಟಿ ಗುಡಿ ಹತ್ರ ಮರೆತು ಹೋಗಿದ್ಲು. ತಗೊಂಡು ಹೋಗೋಣ ಅಂತ ವಾಪಸ್ ಬಂದ್ಲು. ನೀವು ಅವಳು ನಡೆದ ಕಲ್ಲಿಗೆ ನೀರು ಹಾಕ್ತಾ ಇದ್ರಿ. ನೋಡಿದ್ಲು. ಬುಟ್ಟೀನೂ ತಗೊಳ್ದೆ ಹೊರಟುಹೋದ್ಲು. ಉಳಿದೋರಿಗೂ ಗೊತ್ತಾಗದೆ ಇರತ್ತಾ?"

"ನನಗೆ ಹೇಳ್ಲಿಲ್ಲವಲ್ಲೇ ನೀನು?"

"ಹೇಳಿದ್ರೆ ನಿಮಗೆ ನೋವಾಗತ್ತೆ ಅಂದ್ಕೊಂಡೆ. ಅವಳಿಗೆ ಆದ ನೋವಿನ ಲೆಕ್ಕ ನಾನೂ ಹಾಕ್ಲಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಅವನು ಬಿಂದಿಗೆ ಎತ್ತಲಿಲ್ಲ. ತೋಟ ಸುತ್ತಿಕೊಂಡು ಬೇಲಿಯ ಆಚೆಗೆ ಹೋದ. ಅಲ್ಲಿಗೆ ಹೋಗಿ ಅವನಿಗೆ ಎಷ್ಟು ಕಾಲವಾಗಿತ್ತೋ. ಕೇರಿಯವರು ನಡೆದೂ ನಡೆದೂ ಅಲ್ಲೊಂದು ಕಾಲುದಾರಿ ಬಿದ್ದಿತ್ತು. ಗುಡಿಯ ನೇರಕ್ಕೆ, ಕೈಮುಗಿಯಲು ನಿಲ್ಲುವ ಜಾಗದಲ್ಲಿ, ಯಾರೋ ಒಂದೆರಡು ಚಪ್ಪಡಿ ತಂದು ಹಾಕಿಕೊಂಡಿದ್ದರು. ಮೇಲೆ ಅದೇ ಹೊಂಗೆಯ ನೆರಳು. ಅದೇ ನೆಲದ ತಂಪು. ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟ. ಒಣಗಿ ನುಣುಪಾಗಿತ್ತು, ಕೈಗೆ ತೆಳುವಾಗಿ ಧೂಳು ಹತ್ತಿತು. ಪಾಚಿಯ ಹೆಸರಿಲ್ಲ. ಬೇಲಿಯ ಸಂದಿಯಿಂದ ತನ್ನ ದಾರಿಯನ್ನು ನೋಡಿದ. ಹಸಿರಾಗಿ, ಒದ್ದೆಯಾಗಿ, ಒಂದು ಹೆಜ್ಜೆಯ ಗುರುತೂ ಇಲ್ಲದೆ ಮಲಗಿತ್ತು. ಯಾರೂ ಅವನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ದೇವಿಗಾಗಿ ಅಂದುಕೊಂಡು ಇಷ್ಟು ಕಾಲ ಆ ಪಾಚಿಗೆ ನೀರೆರೆದು ಸಾಕಿದವನು ತಾನೇ. ಬೇಲಿಯ ಗೂಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ.

ಅಲ್ಲಿಂದ ನೇರವಾಗಿ ಪುಟ್ಟನಂಜಿಯ ಮನೆಗೆ ಹೋದ. ಅವಳು ಅಂಗಳದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದಳು.

"ಅಮ್ಮಾವ್ರು ಹೆಂಗವ್ರೆ ಬುದ್ಧಿ?"

"ಕೂತಿದಾಳೆ. ನಡೆಯೋಕೆ ಹೆದರ್ತಾಳೆ. ನೀನು ಬಂದು ಕೈ ಹಿಡ್ಕೊಂಡ್ರೆ ನಡೀತಾಳೆ ಅನ್ಸತ್ತೆ. ಬರ್ತೀಯಾ ತಾಯಿ?"

ಅವಳು ಅವನ ಮುಖ ನೋಡಿದಳು.

"ಬರಾದೇನು ದೊಡ್ಡದು ಬುದ್ಧಿ. ನಾನು ಬಂದೋದ್ಮೇಲೆ ನಿಮ್ಗೇ ಕೆಲ್ಸ ಜಾಸ್ತಿ. ಈ ವಯಸ್ನಲ್ಲಿ ಬಿಂದ್ಗೆ ಎತ್ತಿ ಎತ್ತಿ ಸೊಂಟ ಇಡ್ಕಂಡ್ರೆ, ನಿಮ್ಮನ್ಯಾರು ನಡೆಸ್ಯಾರು?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ತಪ್ಪಾಯ್ತು ಪುಟ್ಟನಂಜಿ," ಎಂದ. "ಇನ್ನು ಸುರಿಯಲ್ಲ."

"ನೋಡುವಾ," ಎಂದಳು ಅವಳು. ಅಷ್ಟೇ. ಮೊರ ಎತ್ತಿಕೊಂಡು ಮತ್ತೆ ಕೂತಳು.

ಪಾಚಿ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ನೀರು ನಿಂತಿತು. ಅವನೇ ಕೂತು ಕಲ್ಲು ಕೆರೆದ. ಬಿಸಿಲು ಬೀಳಲೆಂದು ಹೊಂಗೆಯ ಕೆಳಗಿನ ಕೊಂಬೆಗಳನ್ನು ಸವರಿದ. ಕೇರಿಯ ಮನೆಮನೆಗೂ ಹೋಗಿ, ದೇವಿ ನಿಮ್ಮವಳೂ ಹೌದು, ಒಳಗೆ ಬನ್ನಿ ಎಂದ. ಕೆಲವರು ಬಂದರು, ಕೆಲವರು ಬರಲಿಲ್ಲ. ಬರದವರ ಮೇಲೆ ಅವನು ಬೇಸರಪಡಲಿಲ್ಲ. ಬಂದವರ ಕಾಲಿಗೆ ಸಿಕ್ಕಿ ಕಲ್ಲು ಮೆಲ್ಲಮೆಲ್ಲನೆ ತನ್ನ ಬಣ್ಣಕ್ಕೆ ಬಂತು.

ಕಲ್ಲು ಒಣಗಿದ ಮೇಲೆ ಒಂದು ದಿನ ಪುಟ್ಟನಂಜಿ ಸಂಜೆಗೂ ಕಾಯದೆ ಬೆಳಗಿನ ಜಾವವೇ ಬಂದಳು. ಯಜಮಾನಿಯನ್ನು ಕುರ್ಚಿಯಿಂದ ಎಬ್ಬಿಸಿದಳು.

"ನಡೀರಿ ಅಮ್ಮಾವ್ರೆ. ನಿಮ್ ಹಿಂದಿಂದೆ ಬಂದು ಬಂದು ನಂಗೂ ಸಾಕಾಯ್ತು, ಇವತ್ತು ಜೊತೇಲಿ ಹೋಗುವಾ."

"ಬಿಡಬೇಡ ಕಣೇ."

"ಬಿಟ್ರೆ ನಾನೂ ಬೀಳ್ತೀನಲ್ಲ, ಬಿಟ್ಟೇನಾ?"

ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಕಲ್ಲುಕಲ್ಲಾಗಿ ನಡೆದರು. ಮೊದಮೊದಲು ಯಜಮಾನಿ ಒಂದೊಂದು ಕಲ್ಲಿಗೂ ನಿಲ್ಲುತ್ತಿದ್ದಳು. ಅರ್ಧ ದಾರಿಗೆ ಮಾತು ಶುರುವಾಯಿತು. ಗುಡಿಯ ಹತ್ತಿರ ಹೋಗುವಷ್ಟರಲ್ಲಿ ಏನೋ ಹಳೆಯ ಸಂಗತಿ ನೆನಪಾಗಿ ಇಬ್ಬರೂ ನಕ್ಕರು. ಯಜಮಾನಿ ತನ್ನ ಕೈಯಿಂದಲೇ ಬತ್ತಿ ಮುಂದಕ್ಕೆಳೆದು ದೀಪ ಹಚ್ಚಿದಳು.

ಜಗಲಿಯ ಮೇಲೆ ಯಜಮಾನ ಒದ್ದೆ ಪಂಚೆಯಲ್ಲಿ ನಿಂತಿದ್ದ. ಅಭಿಷೇಕದ ಹೊತ್ತು. ಮುಂದೆ ದೇವಿಯ ಬಿಂದಿಗೆ ಒಂದೇ ಇತ್ತು. ಪುಟ್ಟನಂಜಿ ತಿರುಗಿ ಅವನ ಕಡೆ ನೋಡಿದಳು. ಅವಳು ಏಕೆ ನೋಡಿದಳೆಂದು ಅವನಿಗೆ ಗೊತ್ತು. ಕೈ ಅಭ್ಯಾಸ ಬಿಟ್ಟಿರಲಿಲ್ಲ, ಬಿಂದಿಗೆಯ ಕಂಠದ ಮೇಲೆ ಬೆರಳು ಒಂದು ಗಳಿಗೆ ತಡವರಿಸಿತು. ಆಮೇಲೆ ಬಿಂದಿಗೆಯನ್ನು ಹೆಗಲಿಗೆತ್ತಿಕೊಂಡು, ಆ ಇಬ್ಬರು ನಡೆದ ಒಣಕಲ್ಲಿನ ಮೇಲೆ ಬರಿಗಾಲಲ್ಲಿ ಹೆಜ್ಜೆಯಿಟ್ಟ. ಅಂಗಾಲಿಗೆ ಧೂಳು ಹತ್ತಿತು. ಹಾಗೆಯೇ ಹೋಗಿ ದೇವಿಗೆ ನೀರೆರೆದ. ದೇವಿ ಬೇಡ ಅನ್ನಲಿಲ್ಲ.

ನೋಡಿ, ನಮಗೆ ತೋಟವಿಲ್ಲ, ಕಲ್ಲಿನ ದಾರಿಯಿಲ್ಲ, ಇದು ದೊಡ್ಡಮನೆಯವರ ಕಥೆ ಎಂದು ನೀವು ಎದ್ದು ಹೋಗಬಹುದು. ಹೋಗಬೇಡಿ. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಒಬ್ಬಾಕೆ ಬರುತ್ತಾಳಲ್ಲ, ಅವಳಿಗೆ ಕಾಫಿ ಕೊಡುತ್ತೀರಲ್ಲ. ಒಳ್ಳೆಯದು. ಅವಳ ಲೋಟ ಎಲ್ಲಿದೆ? ಕಿಟಕಿಯ ಮೇಲೆ, ಎಲ್ಲ ಲೋಟಗಳಿಂದ ದೂರ, ಬೋರಲಾಗಿ ಒಂದೇ ಕೂತಿದೆ. ಅವಳು ಎದ್ದು ಹೋದ ಮೇಲೆ ಆ ಜಾಗ ಒರೆಸುತ್ತೀರಲ್ಲ. ಅವಳ ಎದುರಿಗೆ ಮಾಡುವುದಿಲ್ಲ ಎನ್ನುತ್ತೀರಿ. ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ನೀವೇನೂ ಬೈದವರಲ್ಲ. ಅವಳೂ ಜಗಳವಾಡುವವಳಲ್ಲ. ಆದರೆ ಬೇಲಿಯ ಆಚೆ ನಿಂತುಬಿಡುತ್ತಾಳೆ. ಆಮೇಲೆ ನೀವು ಜಾರಿ ಬಿದ್ದ ದಿನ, ಮನೆಯಲ್ಲಿ ಇಷ್ಟು ಶುಚಿಯಿದ್ದೂ ನಮಗೇಕೆ ಹೀಗಾಯಿತು, ಹಿಡಿದೆಬ್ಬಿಸಲು ಒಬ್ಬರೂ ಇಲ್ಲವಲ್ಲ ಎಂದು ಕೇಳುತ್ತೀರಿ.

ನಾನು ದೊಡ್ಡ ವ್ರತವನ್ನೇನೂ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಆ ಲೋಟವನ್ನು ಕಿಟಕಿಯಿಂದ ಇಳಿಸಿ. ನಿಮ್ಮ ಲೋಟಗಳ ಜೊತೆ ತೊಳೆದು, ಅವುಗಳ ಜೊತೆಯಲ್ಲೇ ಇಡಿ, ಯಾವುದು ಯಾರದೆಂದು ನಿಮಗೇ ಗುರುತು ಸಿಗದ ಹಾಗೆ. ಅವಳು ಬಂದಾಗ ಕೈಗೆ ಸಿಕ್ಕಿದ್ದರಲ್ಲಿ ಅವಳಿಗೆ ಕಾಫಿ ಕೊಡಿ. ಉಳಿದದ್ದರಲ್ಲಿ ನೀವು ತೆಗೆದುಕೊಂಡು, ಅವಳ ಪಕ್ಕದಲ್ಲಿ ಕೂತು ಕುಡಿಯಿರಿ.