ಮೂರನೇ ಪೆಟ್ಟಿಗೆಯ ಬಿಳಿ ಗ್ರೀಸು

ಕಾರ್ಖಾನೆಯಲ್ಲಿ ಎಲ್ಲರೂ ಗ್ರೀಸ್ ಮೇಸ್ತ್ರಿ ಎಂದು ಕರೆಯುವ ನಾನು, ವಯಸ್ಸು 53 ವರ್ಷ, ಉದ್ಯೋಗ ಪಂಪು ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಸ್ತ್ರಿ, ವಾಸ ಕಾರ್ಖಾನೆಯ ಹಿಂದಿನ ಕೆಲಸಗಾರರ ವಸತಿ, ಎರಡನೇ ಸಾಲು, ಏಳನೇ ಮನೆ, ಈ ದಿನ ಬೆಳಿಗ್ಗೆ 10-20ಕ್ಕೆ ಠಾಣೆಗೆ ಹಾಜರಾಗಿ, ತನಿಖಾಧಿಕಾರಿಗಳಾದ ತಮ್ಮ ಮುಂದೆ ನನ್ನ ಬಾಯಿಂದಲೇ ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಕಾರ್ಖಾನೆಯ ರಫ್ತು ವಿಭಾಗದ ಗುಮಾಸ್ತೆ ನನ್ನ ಒಡಹುಟ್ಟಿದ ಅಕ್ಕ, ವಯಸ್ಸು 61. ನಮ್ಮ ತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಬೆಳೆಸಿದವಳು ಅವಳೇ, ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಇದು ಕೇಸಿಗೆ ಸಂಬಂಧಪಟ್ಟದ್ದಲ್ಲ ಎಂದು ತಾವು ಹೇಳಿದಿರಿ. ಸಂಬಂಧವಿದೆ, ಬರೆದುಕೊಳ್ಳಿ ಎಂದು ನಾನು ಹೇಳಿದ್ದರಿಂದ ಬರೆಯಲಾಗಿದೆ.

ಪರದೇಶಕ್ಕೆ ಹೋಗುವ ಸರಕು ಯಾವ ಊರಿಗೆ, ಯಾರ ಬಳಕೆಗೆ ಎಂಬ ಘೋಷಣಾ ಪತ್ರಕ್ಕೆ ಸಹಿ ಹಾಕುವುದು ಅಕ್ಕನ ಕೆಲಸ. ಬೇರಿಂಗಿಗೆ ಗ್ರೀಸು ತುಂಬಿ ಪೆಟ್ಟಿಗೆಗೆ ಮೊಳೆ ಹೊಡೆಸುವುದು ನನ್ನದು. ನಮ್ಮಲ್ಲಿ ಎರಡು ಬಗೆಯ ಗ್ರೀಸು ಇದೆ. ಬಿಸಿಲು ಸೀಮೆಗೆ ಹೋಗುವ ಪಂಪಿಗೆ ಹಳದಿ, ಹಿಮ ಬೀಳುವ ಕಡೆಗೆ ಬಿಳಿ. ಹಳದಿಯದನ್ನು ಹಿಮದ ಕಡೆ ಕಳಿಸಿದರೆ ಅದು ಗಡ್ಡೆ ಕಟ್ಟಿ ಬೇರಿಂಗು ಒಂದೇ ದಿನದಲ್ಲಿ ಹಾಳಾಗುತ್ತದೆ. ಇಷ್ಟು ತಿಳಿಯದವನು ಡಬ್ಬಿಯ ಮುಚ್ಚಳ ತೆಗೆಯಲೇಬಾರದು.

ಈ ತಿಂಗಳ 3ನೇ ತಾರೀಕು ಮಂಗಳವಾರ ಬೆಳಿಗ್ಗೆ 11-15ಕ್ಕೆ ಎಂಟು ಪಂಪುಗಳು ನನ್ನ ಶೆಡ್ಡಿಗೆ ಬಂದವು. ಜೊತೆಗೆ ಬಂದ ಚೀಟಿಯಲ್ಲಿ ಬಿಸಿಲು ಸೀಮೆಯ ಒಂದು ಬಂದರಿನ ಹೆಸರಿತ್ತು. ಆದರೆ ಪ್ರತಿ ಪಂಪಿಗೂ ಎಣ್ಣೆ ಹೆಪ್ಪುಗಟ್ಟದಂತೆ ಕಾಯಿಸುವ ಹೀಟರ್ ಕೂರಿಸಿದ್ದರು. ನೆರಳಲ್ಲಿ ನಿಂತರೂ ಬೆವರು ಕಿತ್ತುಕೊಂಡು ಬರುವ ಊರಿಗೆ ಹೀಟರ್ ಯಾಕೆ? ನಾನು ಕೈ ಒರೆಸಿಕೊಂಡು ನಲವತ್ತು ಹೆಜ್ಜೆ ದೂರದ ಆಫೀಸಿಗೆ ಹೋಗಿ ಅಕ್ಕನನ್ನು ಕೇಳಿದೆನು.

ಚೀಟಿಯಲ್ಲಿ ಇದ್ದಂತೆ ಮಾಡು ಎಂದು ಅವಳು ತಲೆ ಎತ್ತದೆ ಹೇಳಿದಳು. 12-05ಕ್ಕೆ ಎರಡನೇ ಸಲ ಹೋದೆ. ನಿನಗೆ ಬೇಡದ ಉಸಾಬರಿ ಎಂದು ಗದರಿಸಿದಳು. ಆಗ ನಾನು, ಸರಕು ಎಲ್ಲಿಗೆ ಎಂದು ತಿಳಿಯದೆ ಒಂದು ಮೊಳೆಯನ್ನೂ ಹೊಡೆಸುವುದಿಲ್ಲ, ಲಾರಿ ಬಂದು ನಿಂತರೆ ನಿಲ್ಲಲಿ ಎಂದು ಹೇಳಿ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟೆನು. ನನ್ನ ಮೊಂಡಾಟ ಅವಳಿಗೆ ಗೊತ್ತು. ಚಿಕ್ಕವನಿದ್ದಾಗ ಹೀಗೆಯೇ ಕೂತರೆ ಅವಳೇ ಬಂದು ಎಬ್ಬಿಸಬೇಕಾಗಿತ್ತು.

1-40ಕ್ಕೆ ಅಕ್ಕ ತಾನಾಗಿಯೇ ಶೆಡ್ಡಿಗೆ ಬಂದಳು. ಆ ಹೊತ್ತಿಗೆ ಉಳಿದವರು ಊಟಕ್ಕೆ ಹೋಗಿದ್ದರು. ಬಂದರಿನಲ್ಲಿ ಪಂಪುಗಳು ಇಳಿದು ಬೇರೆ ಹಡಗು ಹತ್ತಿ ಹಿಮ ಬೀಳುವ ಉತ್ತರದ ದೇಶಕ್ಕೆ, ಅಂದರೆ ಸರಕು ಕಳಿಸಬಾರದೆಂದು ನಮ್ಮ ಸರ್ಕಾರ ನಿರ್ಬಂಧ ಹೇರಿರುವ ದೇಶಕ್ಕೆ ಹೋಗುತ್ತವೆ ಎಂದು ಹೇಳಿದಳು. ಮಾಲೀಕರು ಈ ಒಂದು ಆರ್ಡರ್ ಹೋಗದಿದ್ದರೆ ಕಾರ್ಖಾನೆಗೆ ಬೀಗ ಎಂದಿದ್ದರಂತೆ. ನಂತರ ಅವಳು ಆಡಿದ ಮಾತು ಇದು: "ಸಾಕಾ? ಈಗ ಬಾಯಿ ಮುಚ್ಕೊಂಡು ಹಚ್ಚು. ನೀನು ಸುಮ್ನಿರೋ ಜಾತಿಯಲ್ಲ ಅಂತ ಗೊತ್ತಿದ್ದೂ ಹೇಳಿದೀನಿ ನೋಡು, ನನಗೆ ಬುದ್ಧಿ ಇಲ್ಲ." ನಾನು ನಕ್ಕೆನು. ಎಂಟೂ ಪಂಪಿಗೆ ಬಿಳಿ ಗ್ರೀಸು ತುಂಬಿ 4-30ಕ್ಕೆ ಪೆಟ್ಟಿಗೆ ಮುಚ್ಚಿಸಿದೆನು.

9ನೇ ತಾರೀಕು ಬಂದರಿನ ಸುಂಕದವರು ಮೂರನೇ ಪೆಟ್ಟಿಗೆಯನ್ನು ತೆರೆಸಿದರು. ಅವರಲ್ಲಿ ಯಂತ್ರ ಬಲ್ಲವರೊಬ್ಬರು ಬೇರಿಂಗಿಗೆ ಬೆರಳು ಹಾಕಿ, ಬಿಸಿಲು ಸೀಮೆಗೆ ಬಿಳಿ ಗ್ರೀಸು ಯಾಕೆ ಎಂದು ಕೇಳಿದರಂತೆ. ಹೀಟರನ್ನು ಕಂಪನಿಯ ಮಾಮೂಲು ಜೋಡಣೆ ಎಂದು ಹೇಳಿ ಕಾರ್ಖಾನೆಯವರು ದಾಟಿಸಿದ್ದರು. ಗ್ರೀಸನ್ನು ಹಾಗೆ ಹೇಳಿ ದಾಟಿಸಲು ಆಗಲಿಲ್ಲ. ಸರಕು ಅಲ್ಲೇ ನಿಂತಿತು.

12ನೇ ತಾರೀಕು ಅಕ್ಕನಿಗೆ ನೋಟಿಸು ಬಂತು. ತನಗೇನೂ ಗೊತ್ತಿಲ್ಲ, ಸಹಿ ಗುಮಾಸ್ತೆಯದು ಎಂದು ಮಾಲೀಕರು ಕೈ ತೊಳೆದುಕೊಂಡರು. ಅದೇ ದಿನ ಸಂಜೆ 6-30ಕ್ಕೆ ಅಕ್ಕ ನನ್ನ ಮನೆಗೆ ಬಂದು, ಕಣ್ಣು ಮಂಜಾಗಿ ಡಬ್ಬಿ ಅದಲುಬದಲಾಯಿತು ಎಂದು ಹೇಳು, ಅಷ್ಟು ಹೇಳಿದರೆ ನಾನು ಉಳಿದುಕೊಳ್ಳುತ್ತೇನೆ ಎಂದು ಕೇಳಿಕೊಂಡಳು. ನಾನು ಒಪ್ಪಿದೆನು. ಆದರೆ ಡಬ್ಬಿ ಅದಲುಬದಲಾಯಿತು ಎಂಬ ಮಾತು ಸರಾಗವಾಗಿ ಬಾಯಿಗೆ ಬರಲಿಲ್ಲ. ಶಾಲೆಯ ಮಗುವಿಗೆ ಮಗ್ಗಿ ಹೇಳಿಸಿದಂತೆ ನಾಲ್ಕು ಸಲ ಹೇಳಿಸಿ, ಸರಿಯಾದ ಮೇಲೆ ಎದ್ದು ಹೋದಳು.

ಈ ದಿನ ನಾನು ಒಳಗೆ ಬಂದಾಗ ಅಕ್ಕ ಈ ಕೋಣೆಯ ಬಾಗಿಲಿನ ಹೊರಗೆ, ಆರು ಅಡಿ ದೂರದ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಸರಕು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿಲ್ಲದೆ ಸಹಿ ಹಾಕಿದ್ದರೆ ಅಜಾಗರೂಕತೆ, ದಂಡ ಮಾತ್ರ. ಗೊತ್ತಿದ್ದೂ ಹಾಕಿದ್ದರೆ ನಿರ್ಬಂಧ ಉಲ್ಲಂಘನೆ, ಏಳು ವರ್ಷದವರೆಗೆ ಜೈಲು ಎಂದು ತಾವು ನನಗೆ ತಿಳಿಸಿ ಹೇಳಿದಿರಿ. ನನಗೆ ಅರ್ಥವಾಯಿತು. 10-40ಕ್ಕೆ ನಾನು ಕಲಿತು ಬಂದಿದ್ದನ್ನು ಒಪ್ಪಿಸಿದೆನು. ತಾವು ಬರೆದುಕೊಂಡಿರಿ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಕಾರ್ಖಾನೆಯ ಪರವಾಗಿ ಬಂದು ಪಕ್ಕದಲ್ಲಿ ಕೂತಿದ್ದ ಎಂಜಿನಿಯರನ್ನು ತಾವು, ಇದು ನಿಜವಿರಬಹುದೇ ಎಂದು ಕೇಳಿದಿರಿ. ಅವರು, ಇವನು ಎರಡು ವರ್ಷದಿಂದ ಹೀಗೆಯೇ, ಹಳದಿ ಯಾವುದು ಬಿಳಿ ಯಾವುದು ತಿಳಿಯುವುದಿಲ್ಲ, ಅಕ್ಕನ ಮುಖ ನೋಡಿ ಇಟ್ಟುಕೊಂಡಿದ್ದೇವೆ ಎಂದರು. ಹೇಳಿ ನಕ್ಕರು. ಅವರು ನನ್ನ ಅಕ್ಕನಿಗೆ ಉಪಕಾರವನ್ನೇ ಮಾಡುತ್ತಿದ್ದರು. ನಾನು ತಲೆ ತಗ್ಗಿಸಿ ಕೂತಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಎದ್ದು ನಿಂತು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಸಿದ್ದೇನೆ: "ಏನ್ರೀ ಹೇಳ್ತಿದೀರಾ? ಕಣ್ಣು ಕಟ್ಟಿ ಡಬ್ಬಿ ಕೊಡ್ರಿ, ಬೆರಳಲ್ಲಿ ಮುಟ್ಟಿ ಹೇಳ್ತೀನಿ ಯಾವುದು ಅಂತ. ತಪ್ಪಿ ಹಚ್ಚೋ ಕೈ ಅಲ್ಲ ಇದು! ಅಕ್ಕನ್ನ ಎರಡು ಸಲ ಕೇಳಿ, ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಂಡೇ ಹಚ್ಚಿದ್ದು!"

ತಾವು ಪೆನ್ನು ಕೆಳಗಿಟ್ಟಿರಿ. ಗೋಡೆಯ ಗಡಿಯಾರದಲ್ಲಿ ಆಗ 10-52. ಎಂಜಿನಿಯರ್ ಮೇಜಿನ ಕಡೆ ನೋಡುತ್ತಿದ್ದರು. ಕೊನೆಯ ಮಾತನ್ನು ಹೊಡೆದುಹಾಕಿ ಎಂದು ನಾನು ಕೈ ಮುಗಿದೆನು. ಇಬ್ಬರ ಮುಂದೆ ಆಡಿದ್ದನ್ನು ಹೊಡೆಯಲು ಬರುವುದಿಲ್ಲ ಎಂದು ತಾವು ಹೇಳಿದಿರಿ. ಹಾಗಾದರೆ ನಾನು ಸುಳ್ಳು ಹೇಳಿದೆ, ನನ್ನ ಕಣ್ಣು ನಿಜವಾಗಿಯೂ ಮಂಜು ಎಂದೆನು. ತಾವು ಮತ್ತೆ ಪೆನ್ನು ಎತ್ತಿಕೊಂಡಿರಿ.

ಆಗ ಅಕ್ಕ ಬೆಂಚಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ನನ್ನ ಮೇಲೆ ಕೂಗಾಡುತ್ತಾಳೆ ಎಂದುಕೊಂಡೆನು. ಅವಳು ನನ್ನ ಕಡೆ ನೋಡದೆ ಎಂಜಿನಿಯರ್ ಕಡೆ ತಿರುಗಿ ಹೇಳಿದಳು: "ಅವನಿಗೆ ಗ್ರೀಸು ತಿಳಿಯಲ್ಲ ಅನ್ನಬೇಡಿ ಸಾರ್. ಎಲ್ಲಿಗೆ ಅಂತ ನಾನೇ ಹೇಳಿದೆ, ಅವನು ಸರಿಯಾಗೇ ಹಚ್ಚಿದ."

ಮೇಲಿನದೆಲ್ಲ ನಾನು ಹೇಳಿ ಬರೆಸಿದ್ದು, ಎರಡು ಸಲ ಓದಿಸಿ ಕೇಳಿದ್ದೇನೆ. ಇದರಲ್ಲಿ ಒಂದು ಮಾತಾದರೂ ಸುಳ್ಳಾಗಿದ್ದರೆ ಚೆನ್ನಾಗಿತ್ತು. ಎಲ್ಲವೂ ನಿಜ.

ಸ್ಥಳ: ಠಾಣೆ, ಒಳಗಿನ ಕೋಣೆ
ದಿನಾಂಕ: 17, ಮಂಗಳವಾರ, ಮಧ್ಯಾಹ್ನ 12-10
ಸಹಿ: (ಗ್ರೀಸ್ ಮೇಸ್ತ್ರಿ)